ಮೂರನೆಯ ಸಲ ಯಾರೂ ಕೇಳಲಿಲ್ಲ

ಬೇಡ ಎನ್ನುವವರನ್ನು ನಂಬಬಾರದು. ಅರವತ್ತೆಂಟು ವರ್ಷ ಬೇಡ ಎನ್ನುತ್ತಲೇ ಬದುಕಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. ಮುಕಿಲ್, ಯಾಳಿನಿ, ಇದನ್ನು ನಿಮಗಾಗಿಯೇ ಬರೆದಿಡುತ್ತಿದ್ದೇನೆ. ತಾಳವಾಡಿ ಕಡೆಯ ಹಳ್ಳಿ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಕನ್ನಡ ಅಕ್ಷರಗಳು ನನ್ನವು, ನಿಮಗಿಬ್ಬರಿಗೂ ಅವು ಬಾರವು. ಆದ್ದರಿಂದ ನಾನೇ ಓದಿ ಹೇಳುತ್ತೇನೆ. ನಿಮ್ಮಮ್ಮ ಪಕ್ಕದಲ್ಲಿದ್ದರೆ ಒಂದೆರಡು ಸಾಲು ನುಂಗಿ ಓದಬೇಕಾದೀತು, ಆಗ ನಡುವೆ ಯಾಕೆ ಕೆಮ್ಮಿದೆ ಎಂದು ಕೇಳಬೇಡಿ.

ನಮ್ಮ ತವರಿನಲ್ಲಿ ಒಂದು ಕ್ರಮವಿತ್ತು. ಯಾರಾದರೂ ಏನಾದರೂ ಕೊಟ್ಟರೆ, ಎಲ್ಲಿಗಾದರೂ ಕರೆದರೆ, ತಕ್ಷಣ ಹೂಂ ಎನ್ನುವವರು ಹೊಟ್ಟೆಬಾಕರು. ಮೊದಲನೆಯ ಸಲದ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿಗೆ ಎಂದು ಅರ್ಥ. ಮದುವೆಯಾಗಿ, ಸುತ್ತೆಲ್ಲ ತಮಿಳಿರುವ ಈ ತುಡಿಯಲೂರಿಗೆ ಬಂದಾಗ ಈ ಕ್ರಮ ಇಲ್ಲಿಯವರಿಗೆ ತಿಳಿಯದೆ ಹೋದರೆ ಗತಿಯೇನು ಎಂದು ಹೆದರಿದ್ದೆ. ನಿಮ್ಮ ತಾತ ಒಂದೇ ವಾರದಲ್ಲಿ ಕಲಿತುಬಿಟ್ಟರು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಕೇಳುತ್ತಿದ್ದರು. ಲಾಳಿ ಆಚೆ ಹೋಗುವಾಗ ಒಮ್ಮೆ, ಈಚೆ ಬರುವಾಗ ಒಮ್ಮೆ, ಮತ್ತೆ ಆಚೆ ಹೋಗುವಾಗ ಇನ್ನೊಮ್ಮೆ. ಒಂದು ಸಲ ಮಾತ್ರ, ಸಂತೆಗೆ ಬರ್ತೀಯಾ ಎಂದು ಎರಡೇ ಸಲ ಕೇಳಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಬಾಗಿಲ ಹಿಂದೆ ಹೊಸ ಸೀರೆಯುಟ್ಟು ನಿಂತವಳು ಅತ್ತೇಬಿಟ್ಟೆ. ಬೀದಿಯ ತಿರುವಿನವರೆಗೆ ಹೋಗಿ, ಬೇಕೆಂದೇ ಅಲ್ಲೊಂದು ಬೀಡಿ ಸೇದಿ, ವಾಪಸು ಬಂದು ಮೂರನೆಯ ಸಲ ಕೇಳಿದರು. ಅಂಥ ಮನುಷ್ಯ ಹೋದ ಮೇಲೆ ನನ್ನ ಪಾಲಿಗೆ ಸಿಕ್ಕಿದವಳು ನಿಮ್ಮಮ್ಮ ಕವಿತಾ.

ಕವಿತಾ ಒಳ್ಳೆಯವಳು, ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಫಾರಂನಲ್ಲಿ ಒಮ್ಮೆ ಬರೆದದ್ದೇ ಬರೆದದ್ದು, ಅದನ್ನು ಮೂರು ಸಲ ಕೇಳುವ ಪದ್ಧತಿ ಅಲ್ಲಿಲ್ಲ. ಈ ಸಲ ಯುಗಾದಿ ಕಳೆದ ಮೇಲೆ, ಬೇವಿನ ಹೂ ಅಂಗಳದ ತುಂಬ ಉದುರುತ್ತಿದ್ದಾಗ, ಒಂದು ಸಂಜೆ ಬಂದು, "ಅತ್ತೆ, ಸಂಡೇ ಆಳಿಯಾರ್ ಡ್ಯಾಮ್‌ಗೆ ಹೋಗಾಣ ಅಂತಿದೀವಿ. ನೀವು ಬರ್ತೀರಾ?" ಎಂದಳು.

ನನಗೆ ಆಳಿಯಾರ್ ಎಂದರೆ ಪ್ರಾಣ. ಪೊಳ್ಳಾಚಿ ದಾಟಿದ ಮೇಲೆ ಆ ತೆಂಗಿನ ತೋಟಗಳ ತಂಪು, ಎದುರಿಗೆ ನೀಲಿ ಬೆಟ್ಟ, ಅಣೆಕಟ್ಟಿನ ನೀರು. ಆ ನೀರಿನ ಮೇಲೆ ಒಂದು ಸಲ ದೋಣಿಯಲ್ಲಿ ಹೋಗಬೇಕೆಂದು ಎಷ್ಟೋ ವರ್ಷದ ಆಸೆ. ಆದ್ದರಿಂದ ಗಟ್ಟಿಯಾಗಿ, "ನಾನ್ಯಾಕಮ್ಮ, ನೀವ್ ಹೋಗ್ಬನ್ನಿ" ಎಂದೆ.

"ಸರಿ ಅತ್ತೆ," ಎಂದು ಹೊರಟುಹೋದಳು.

ಮರುದಿನ ನಿಮ್ಮಪ್ಪ ಗಣಪತಿ ಏರಿಯಾದ ಪಂಪ್ ವರ್ಕ್‌ಶಾಪಿನಿಂದ ಬಂದವನು ಕೈ ತೊಳೆಯುತ್ತಾ, ಅಮ್ಮಾ ನೀನೂ ಬರಬಹುದಲ್ಲ ಎಂದ. ಇದು ಎರಡು. ಬೇಡಪ್ಪ ಎಂದೆ. ಇನ್ನು ಒಂದೇ ಬಾಕಿ ಎಂದು ಸೀರೆಯನ್ನೂ ಆರಿಸಿಟ್ಟೆ. ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು, ಯಾರೂ ಬಾಯಿ ಬಿಡಲಿಲ್ಲ. ನಾನೇ ದಾರಿ ಹುಡುಕಬೇಕಾಯಿತು. ಪುಳಿಯೋಗರೆಯನ್ನು ಅಲ್ಲಿಗೆ ಹೋಗಿ ಬಿಸಿ ಅನ್ನಕ್ಕೇ ಕಲಸಬೇಕು, ಅದು ಕೈ ಅಳತೆ, ಬೇರೆಯವರಿಗೆ ಬರುವುದಿಲ್ಲ ಎಂದೆ. ಕವಿತಾ ನಾನು ಕಲಸುವುದನ್ನು ಫೋನಿನಲ್ಲಿ ವಿಡಿಯೋ ತೆಗೆದುಕೊಂಡಳು. ಒಬ್ಬಳೇ ಮನೆಯಲ್ಲಿರಲು ಯಾಕೋ ಭಯ ಎಂದೆ. ಎದುರು ಮನೆಯ ಸರಸಕ್ಕನನ್ನು ಅಂದು ನನ್ನ ಜೊತೆಗಿರಲು ಒಪ್ಪಿಸಿ ಬಂದಳು. ಅವಳ ಒಳ್ಳೆಯತನ ನನ್ನನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿತು.

ಭಾನುವಾರ ಬೆಳಿಗ್ಗೆ ಕಾರು ಹೊರಟು ನಿಂತಿತು. ಪುಳಿಯೋಗರೆ ಡಬ್ಬ ಅಲುಗಾಡದಂತೆ ಇಡುತ್ತೇನೆಂದು ನಾನು ಹಿಂದಿನ ಸೀಟಿಗೆ ಹತ್ತಿದೆ. ಹತ್ತಿದವಳು ಇಳಿಯಲಿಲ್ಲ. ಉಟ್ಟಿದ್ದು ಆರಿಸಿಟ್ಟಿದ್ದ ಅದೇ ಸೀರೆ. ಬರ್ತಿದೀರಾ ಅತ್ತೆ ಎಂದು ಕವಿತಾ ಕೇಳಿದ್ದಕ್ಕೆ, ಡಬ್ಬ ಯಾರಾದರೂ ಹಿಡಕೋಬೇಕಲ್ಲಮ್ಮ ಎಂದೆ. ಅಷ್ಟರಲ್ಲಿ ನನಗೆ ಕಾವಲಿರಲು ಸರಸಕ್ಕ ಬಂದಳು. ಬಂದವಳನ್ನು ಸುಮ್ಮನೆ ಹೇಗೆ ಕಳಿಸುವುದೆಂದು, ನೀವೂ ಬನ್ನಿ ಎಂದು ಕವಿತಾ ಬಾಯಿಮಾತಿಗೆ ಅಂದಳು. ಸರಸಕ್ಕ ತಮಿಳಿನವಳು. "ವರ್ರೇನ್" ಎಂದವಳೇ ನನ್ನನ್ನು ಪಕ್ಕಕ್ಕೆ ತಳ್ಳಿ ಕಿಟಕಿಯ ಸೀಟಿನಲ್ಲಿ ಕೂತಳು. ಮೊದಲನೆಯ ಕರೆಗೇ ಬರುತ್ತೇನೆಂದು ಹೇಳಿದರೆ ಜೀವನದಲ್ಲಿ ಕಿಟಕಿ ಸಿಗುತ್ತದೆ ಎಂಬುದನ್ನು ನಾನು ಅಂದು ಡಬ್ಬ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಪೊಳ್ಳಾಚಿಯ ತೆಂಗಿನ ತೋಟಗಳನ್ನೆಲ್ಲ ಸರಸಕ್ಕನ ತುರುಬಿನ ಆಚೆಗೇ ಕಂಡೆ.

ಆಳಿಯಾರಿನಲ್ಲಿ ದೋಣಿ ಬಂತು. ಕವಿತಾ ತಿರುಗಿ, "ಅತ್ತೆ, ಬೋಟ್‌ಗೆ ಬರ್ತೀರಾ?" ಎಂದಳು. ಇಷ್ಟು ದೂರ ಬಂದದ್ದೇ ಅದಕ್ಕೆ. ಹೂಂ ಎನ್ನಲು ಬಾಯಿ ತೆರೆದೆ. "ಅಯ್ಯೋ, ನಂಗ್ಯಾಕಮ್ಮ" ಎಂಬ ಮಾತು ತಾನಾಗಿ ಹೊರಬಿತ್ತು. ಸರಿ ಅತ್ತೆ ಎಂದಳು. ಎಲ್ಲರ ಚೀಲಗಳ ನಡುವೆ ಮೆಟ್ಟಿಲ ಮೇಲೆ ನಾನು ಕೂತೆ. ದೋಣಿಯಲ್ಲಿ ಸರಸಕ್ಕ ನನ್ನ ಕಡೆ ಕೈ ಬೀಸುತ್ತಾ ಹೋದಳು.

ಬುಟ್ಟಿ ಹೊತ್ತ ಮಾವಿನಕಾಯಿಯವಳೊಬ್ಬಳು ಬಂದು, "ಮಾಂಗಾ ವೇಣುಂಗ್ಳಾಮ್ಮಾ?" ಎಂದಳು. "ಕುಡು ಕಣ್ಣು, ಮೊಳಗಾಪೊಡಿ ಜಾಸ್ತಿ ಪೋಡು" ಎಂದೆ. ಎಂದಮೇಲೆ ನನಗೇ ದಿಗಿಲಾಯಿತು. ಒಂದೇ ಸಲಕ್ಕೆ ಒಪ್ಪಿದ್ದಲ್ಲದೆ ಖಾರದ ಪುಡಿಯನ್ನೂ ಹೆಚ್ಚು ಕೇಳಿದ್ದೆ. ಇದೇನೋ ಅಪ್ಪಿತಪ್ಪಿ ಆಗಿರಬೇಕೆಂದು ಪರೀಕ್ಷೆಗೆ ಕಾದು ಕೂತೆ. ಎಳನೀರಿನವನು ಕೇಳಿದ, ಹೂಂ ಎಂದೆ. ಸುಟ್ಟ ಜೋಳದವನು ಕೇಳುವ ಮೊದಲೇ ನಾನೇ ಕೂಗಿ ಕರೆದೆ. ಆಗ ಅರ್ಥವಾಯಿತು. ತವರಿನವರು ನನಗೆ ಮರ್ಯಾದೆಯನ್ನು ಕಲಿಸಿದ್ದು ಕನ್ನಡದಲ್ಲಿ ಮಾತ್ರ. ತಮಿಳನ್ನು ನಾನೇ ಸಂತೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಕಲಿತವಳು. ಅಲ್ಲಿ ಬೇಡ ಎಂದವರಿಗೆ ಯಾರೂ ಏನೂ ಕೊಡುವುದಿಲ್ಲ.

ದೋಣಿ ತಿರುಗಿ ಬಂದಾಗ ನನ್ನ ತುಟಿಯೆಲ್ಲ ಖಾರ, ಕಾಲ ಬಳಿ ಎಳನೀರಿನ ಬುರುಡೆ, ಜೋಳದ ದಿಂಡು. ಕವಿತಾ ಒಂದೊಂದನ್ನೂ ನೋಡಿ, ಇದೆಲ್ಲ ಯಾರು ತಿಂದಿದ್ದು ಎಂದಳು. ಅವರು ಕೇಳಿದರು, ಹೂಂ ಅಂದೆ ಎಂದೆ.

"ನಾನೂ ಕೇಳಿದೆನಲ್ಲ ಅತ್ತೆ."

"ನೀನು ಕನ್ನಡದಲ್ಲಿ ಕೇಳಿದೆ."

ಅವಳು ನಗಲಿಲ್ಲ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ಹಾಗೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ, "ಅತ್ತೆ, ಬೋಟ್ಲ ಪೋಲಾಂಗ್ಳಾ?" ಎಂದಳು.

"ಪೋಲಾಂ" ಎಂದೆ. ಅವಳ ಬಾಯಿ ಮುಚ್ಚುವ ಮೊದಲೇ ನಾನು ಮೆಟ್ಟಿಲು ಇಳಿದಿದ್ದೆ. ನೀವಿಬ್ಬರೂ ಮತ್ತೆ ಹತ್ತಿದಿರಿ. ಸರಸಕ್ಕನೂ ಎದ್ದಳು, ಆದರೆ ಚೀಲ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಅವಳನ್ನು ಕೂರಿಸಿ ಬಂದವಳು ನಾನೇ. ನೀರಿನ ನಡುವೆ ಗಾಳಿಗೆ ಸೆರಗು ಹಾರುತ್ತಿತ್ತು. ಹಿಡಿದುಕೊಳ್ಳಲಿಲ್ಲ.

ಅಂದಿನಿಂದ ನಿಮ್ಮಮ್ಮ ನನ್ನನ್ನು ಎಲ್ಲಿಗಾದರೂ ಕರೆಯಬೇಕಾದರೆ ತಮಿಳಿನಲ್ಲಿ ಕರೆಯುತ್ತಾಳೆ. ನಾನು ತಕ್ಷಣ ಹೊರಡುತ್ತೇನೆ. ಎಲ್ಲರಿಗೂ ಸುಖ. ಆದರೆ ಅವಳನ್ನು ದಡ್ಡಿ ಎಂದುಕೊಳ್ಳಬೇಡಿ. ಮೊನ್ನೆ ಒಬ್ಬಟ್ಟು ಮಾಡಿದ್ದೆ. ಎಲ್ಲರೂ ತಿಂದಾದ ಮೇಲೆ ತಟ್ಟೆಯಲ್ಲಿ ಒಂದೇ ಒಂದು ಉಳಿಯಿತು, ತುಪ್ಪ ಸುರಿದು ಹೊಳೆಯುತ್ತಿತ್ತು. ಅವಳು ತಟ್ಟೆಯನ್ನು ನನ್ನ ಮುಂದೆ ಹಿಡಿದು, ಒಂದು ತಮಿಳು ಮಾತೂ ಬೆರೆಸದ ಅಚ್ಚ ಕನ್ನಡದಲ್ಲಿ, "ಅತ್ತೆ, ನಿಮಗೆ ಬೇಕಾ?" ಎಂದು ಕೇಳಿದಳು.

ಬೇಡಮ್ಮ, ನೀನೇ ತಿನ್ನು ಎಂದೆ. ತಿಂದಳು.