ಚಿಕ್ಕಯ್ಯನ ಹತ್ತು ನಿಮಿಷದ ವ್ಯಾಯಾಮ

ನಮ್ಮ ಚಿಕ್ಕಯ್ಯ ಅಕ್ಕಿ ಮುಡಿಯನ್ನು ಮಂಚದ ಮೇಲೆ ಮಲಗಿಸಿ ಉಪಚಾರ ಮಾಡುತ್ತಾರೆ ಎಂದರೆ ನೀವು ನಂಬುತ್ತೀರಾ? ನಮ್ಮೂರು ತ್ರಾಸಿಯ ಜನ ನಂಬಿದ್ದರು. ಕಿಟಕಿಯಲ್ಲಿ ಇಣುಕಿ ಕಣ್ಣಾರೆ ಕಂಡಿದ್ದರಲ್ಲ!

ತಪ್ಪು ಚಿಕ್ಕಯ್ಯನದ್ದಲ್ಲ, ಚಿಕ್ಕಮ್ಮನ ಮೊಣಕಾಲಿನದ್ದು. ಕುಂದಾಪುರದಲ್ಲಿ ಕೀಲು ಬದಲಿಸುವ ಆಪರೇಷನ್ ನಿಗದಿಯಾಗಿತ್ತು. ಅವರ ಮನೆಯೋ ಗುಡ್ಡೆಯ ಮೇಲೆ, ಕಾರು ನಿಲ್ಲುವುದು ಕೆಳಗೆ ರಸ್ತೆಯಲ್ಲಿ. ನಡುವೆ ಕಡಿದಾದ ಕೆಂಪುಕಲ್ಲಿನ ಮೆಟ್ಟಿಲುಗಳು. ಆಸ್ಪತ್ರೆಯಿಂದ ಬಂದ ಚಿಕ್ಕಮ್ಮನನ್ನು ಹತ್ತಿಸುವುದು ಹೇಗೆ?

"ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರುವ" ಎಂದೆ.

ಚಿಕ್ಕಯ್ಯ ಉರಿದುಬಿದ್ದರು. "ತಾಳಿ ಕಟ್ಟಿದ್ದ್ ನಾನ್, ಹೊರುಕೆ ಊರ್ ಜನವಾ? ನಾನೇ ಎತ್ಕಂಡ್ ಹೋತೆ!"

ಹೇಳುವುದೇನೋ ಸುಲಭ! ಚಿಕ್ಕಯ್ಯ ಅರವತ್ತು ದಾಟಿದ, ಗ್ಯಾಸ್ ಸಿಲಿಂಡರನ್ನು ಉರುಳಿಸಿಯೇ ಒಯ್ಯುವ, ಕಡ್ಡಿಯಂಥ ಸಪೂರ ಆಳು. ಚಿಕ್ಕಮ್ಮ ಮೈಕೈ ತುಂಬಿಕೊಂಡವರು. ಇವರು ನಡುದಾರಿಯಲ್ಲಿ ಮುಗ್ಗರಿಸಿದರೆ ಹೊಸ ಮೊಣಕಾಲಿನ ಗತಿ ಏನು?

ಹೆದ್ದಾರಿ ಬದಿಯ ಅವರ ಪುಟ್ಟ ಹೋಟೆಲಿನಲ್ಲಿ ಬೆನ್ನು ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು: ಬಿಡುವಿಲ್ಲದವರಿಗೆ ಇಡೀ ಮೈಗೆ ಹತ್ತೇ ನಿಮಿಷದ ವ್ಯಾಯಾಮ! ಹತ್ತು ನಿಮಿಷ ಒಟ್ಟಿಗೆ ಸಿಗುವುದಾದರೂ ಎಲ್ಲಿಂದ? ಚಿಕ್ಕಯ್ಯ ಅದನ್ನು ಚಿಲ್ಲರೆ ಮಾಡಿಕೊಂಡರು. ಎಣ್ಣೆಯಲ್ಲಿ ಬನ್ಸ್ ಉಬ್ಬುವಷ್ಟರಲ್ಲಿ ಬಸ್ಕಿ, ಚಾ ಕುದಿಯುವಷ್ಟರಲ್ಲಿ ಗೋಡೆಗೆ ಕೈಯೂರಿ ದಂಡ. ಬನ್ಸ್ ಕರ್ರಗಾದವು, ಗಿರಾಕಿಗಳು ಸುಮ್ಮನೆ ತಿಂದರು.

ಒಂದು ದಿನ ಮೊಣಕೈ ಊರಿ, ಮೈಯನ್ನು ಹಲಗೆಯಂತೆ ಬಿಗಿಹಿಡಿದು ಗಲ್ಲಾಪೆಟ್ಟಿಗೆಯ ಹಿಂದೆ ನೆಲದ ಮೇಲಿದ್ದರು. ದುಡ್ಡು ಕೊಡಲು ಬಂದ ಗಿರಾಕಿ ಬಗ್ಗಿ ನೋಡಿ, "ಹ್ವಾಯ್! ಓಡಿ ಬನ್ನಿ, ಯಜಮಾನ್ರ್ ಬಿದ್ರ್!" ಎಂದು ಕೂಗಿ ಒಂದು ಚೊಂಬು ನೀರು ಸುರಿದೇಬಿಟ್ಟ.

"ಎಂತ ಮಾರಾಯಾ, ವ್ಯಾಯಾಮ ಮುಗುಕೆ ಬಂದಿತ್ತ್, ಹಾಳ್ ಮಾಡ್ದೆ!" ಎಂದು ಚಿಕ್ಕಯ್ಯ ಎದ್ದರು.

ಆಮೇಲೆ ಬಂತು ಮುಡಿ. ಹುಲ್ಲು ಸುತ್ತಿ, ಹಗ್ಗ ಬಿಗಿದು ಕಟ್ಟಿದ ಅಕ್ಕಿ ಮುಡಿ. ಅದನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿಡುವುದೇ ತಾಲೀಮು. "ನಿಧಾನ, ಕಾಲ್ ಜಾಗ್ರತೆ" ಎಂದು ಅದಕ್ಕೆ ಸಮಾಧಾನ ಬೇರೆ!

ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ನಾನ್ ನಿಮ್ಗೆ ಮುಡಿ ಕಂಡಂಗ್ ಕಾಣ್ತ್ನಾ?"

"ಇಲ್ಲ ಮಾರಾಯ್ತಿ, ಮುಡಿ ನಿನ್ಕಿಂತ ಹಗೂರ!"

ಆ ದಿನ ಚಿಕ್ಕಯ್ಯನಿಗೆ ಊಟ ಬಡಿಸಿದವರಿಲ್ಲ.

ಆಪರೇಷನ್ನಿಗೆ ಇನ್ನೇನು ಹೋಗಬೇಕು ಎನ್ನುವಾಗ ಮುಡಿ ಕೈಜಾರಿತು. ಹಗ್ಗ ಹರಿದು ಕೋಣೆ ತುಂಬ ಅಕ್ಕಿ. ಚಿಕ್ಕಯ್ಯ ಬಿಳಿಚಿಕೊಂಡು ಅಲ್ಲೇ ಕುಳಿತರು. "ಅವ್ಳ್ ಆಗಿದ್ರೆ ಎಂತ ಆತಿತ್ತ್ ಮಗಾ?" ನಾನು ಬಗ್ಗಿ ಅಕ್ಕಿ ಬಳಿಯತೊಡಗಿದೆ. ಮರುದಿನ ನೋಡಿದರೆ ಮತ್ತೆ ಬಸ್ಕಿ ಹೊಡೆಯುತ್ತಿದ್ದಾರೆ!

ಚಿಕ್ಕಮ್ಮ ಮನೆಗೆ ಬರುವ ದಿನ ಬಂತು. ಚಿಕ್ಕಯ್ಯ ಪಂಚೆ ಎತ್ತಿ ಕಟ್ಟಿ ಕಾರಿನ ಬಾಗಿಲ ಬಳಿ ಸಿದ್ಧರಾಗಿ ನಿಂತರು. ಆದರೆ ಚಿಕ್ಕಮ್ಮ ತಾವೇ ಇಳಿದರು! ಆಸ್ಪತ್ರೆಯಲ್ಲಿ ಮೆಟ್ಟಿಲು ಹತ್ತುವುದನ್ನೂ ಕಲಿಸಿ ಕಳಿಸಿದ್ದರಂತೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಭುಜ, ಒಂದೊಂದೇ ಮೆಟ್ಟಿಲು. ನನಗೆ ಹೋದ ಜೀವ ಬಂತು. ಚಿಕ್ಕಯ್ಯ ಮಾತ್ರ ಎರಡೂ ಕೈ ಚಾಚಿಕೊಂಡು, ಸಪ್ಪೆ ಮೋರೆಯಲ್ಲಿ ಹಿಂದಿನಿಂದ ಹತ್ತುತ್ತಿದ್ದರು.

ಎರಡೇ ಮೆಟ್ಟಿಲು ಉಳಿದಿತ್ತು. ಚಿಕ್ಕಮ್ಮ ತಿರುಗಿ ಅವರ ಮುಖ ನೋಡಿದರು. ಕೋಲನ್ನು ನನ್ನ ಕೈಗೆ ಕೊಟ್ಟರು.

"ಹ್ವಾಯ್, ಇನ್ನ್ ನಂಗ್ ಆತಿಲ್ಲೆ. ಎತ್ಕಣಿ."

ನಾನು ಬೇಡ ಎನ್ನಲು ಬಾಯಿ ತೆರೆದೆ. ಚಿಕ್ಕಮ್ಮ ಕಣ್ಣಲ್ಲೇ ಗದರಿದರು. ಚಿಕ್ಕಯ್ಯ ಬಗ್ಗಿ ಎತ್ತಿಕೊಂಡರು. ಭಾರಕ್ಕೆ ಅವರ ಕಾಲು ಗಡಗಡ ನಡುಗಿತು, ನಾನು ಹಿಂದಿನಿಂದ ಕೈ ಚಾಚಿದೆ. ಎರಡು ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಮೆಲ್ಲಗೆ ಇಳಿಸಿದರು.

"ಎಷ್ಟ್ ಸಪೂರ ಆಯ್ದೆ ಮಾರಾಯ್ತಿ" ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಅಳು ಬಂದಿತ್ತು.