ಒಂದು ಸ್ಟಾರ್ಟರ್ ಆರಿಸಲು ಆರು ವರ್ಷ

ನನ್ನನ್ನು ಅರ್ಧ ಗಂಟೆಯಲ್ಲಿ ನೋಡಿ ಒಪ್ಪಿಕೊಂಡವರು ನಮ್ಮ ಯಜಮಾನರು. ಕಾರಿಗೆ ಒಂದು ಸ್ಟಾರ್ಟರ್ ಮೋಟಾರು ಆರಿಸಲು ಆರು ವರ್ಷ ತೆಗೆದುಕೊಂಡರು. ಆರಿಸಿ ಮುಗಿಯುವ ಮೊದಲೇ ಹೋಗಿಬಿಟ್ಟರು. ಹನ್ನೊಂದು ತಿಂಗಳಾಯಿತು. ಕಾರು ಮಾತ್ರ ಎಲ್ಲೂ ಹೋಗಲಿಲ್ಲ.

ಅದು ಅವರಪ್ಪನ ಕಾಲದ ಕಾರು. ಎಂಜಿನ್ನು ಸತ್ತಾಗ ಇವರು ಬೇರೆ ಕಾರಿನ ಎಂಜಿನ್ನು ತಂದು ಕೂರಿಸಿದರು. (ಮುದುಕನಿಗೆ ಹುಡುಗನ ಗುಂಡಿಗೆ ಹಾಕಿದ್ದೇನೆ ಎಂದು ಬೀಗಿದರು. ಮುದುಕ ಏಳಲೇ ಇಲ್ಲ.) ಏಳಿಸುವುದು ಸ್ಟಾರ್ಟರಿನ ಕೆಲಸವಂತೆ. ಕೀಲಿ ತಿರುಗಿಸಿದರೆ ಅದರ ಪುಟ್ಟ ಹಲ್ಲಿನ ಚಕ್ರ ಮುಂದೆ ಬಂದು, ಎಂಜಿನ್ನಿನ ಹಿಂದಿರುವ ದೊಡ್ಡ ಹಲ್ಲಿನ ಚಕ್ರವನ್ನು ಕಚ್ಚಿ ತಿರುಗಿಸಬೇಕು. ಯಾವುದು ಕಚ್ಚೀತು ಎಂದು ಇವರು ಪಟ್ಟಿ ಮಾಡುತ್ತಾ ಕೂತರು. ಅಂಗಳದಲ್ಲಿ ಬಿಸಿಲು ಬೀಳುವ ಒಂದೇ ಜಾಗವನ್ನು ಕಾರಿಗೆ ಬಿಟ್ಟು, ನಾನು ಬಟ್ಟೆಯನ್ನು ನೆರಳಲ್ಲಿ ಒಣಗಿಸುತ್ತಾ, ಜಗಳವಾಡುತ್ತಾ ಕೂತೆ.

ಕೊನೆಗೆ ಕೊಳ್ಳುವವರು ಸಿಕ್ಕಿದರು. ಹಳೇ ಕಾರಿನ ಹುಚ್ಚಿರುವ ಹಲ್ಲಿನ ಡಾಕ್ಟರು.

"ಭಾನುವಾರ ಬರ್ತೀನಮ್ಮ. ಎಂಜಿನ್ ಸದ್ದು ಕೇಳಿದ್ರೆ ಅವತ್ತೇ ತಗೊಂಡು ಹೋಗ್ತೀನಿ. ಇಲ್ದಿದ್ರೆ ಬೇಡ."

ಕಾರು ಹೋಗುವುದೇ ನನಗೂ ಬೇಕಾಗಿತ್ತು. ಆ ಕಾರಿನೊಳಕ್ಕೆ ಬಗ್ಗಿದ ಬೆನ್ನು ಈಗಿಲ್ಲ ಎಂದು ದಿನಾ ಬೆಳಿಗ್ಗೆ ಹೊಸದಾಗಿ ತಿಳಿದುಕೊಂಡು ಸಾಕಾಗಿತ್ತು.

ಭಾನುವಾರ ಇಬ್ಬರು ಪಂಡಿತರು ಬಂದರು. ಮೆಕ್ಯಾನಿಕ್ ಹೊಸ ಎಂಜಿನ್ನಿನ ಜೊತೆಗೇ ಹುಟ್ಟಿದ ಸ್ಟಾರ್ಟರ್ ತಂದಿದ್ದ. ನನ್ನ ಮೈದುನ ಪುಟ್ಟದೊಂದು ಹೊಸ ಮಾದರಿಯದನ್ನು ತಂದಿದ್ದ.

"ಎಂಜಿನ್ ಯಾವ್ದೋ ಸ್ಟಾರ್ಟರೂ ಅದರದ್ದೇ ಇರ್ಬೇಕು ಅಕ್ಕ. ಎರಡು ಮಾತಿಲ್ಲ."

"ಅದನ್ನ ಎತ್ತಿದ್ರೆ ಸೊಂಟ ಹೋಗತ್ತೆ. ಇದು ನೋಡಿ ಅತ್ತಿಗೆ, ಅಂಗೈಯಷ್ಟಿದೆ, ಆನೆ ಎಬ್ಬಿಸತ್ತೆ," ಎಂದ ಮೈದುನ.

"ಆನೆ ಮಲಗಿರ್ಲಿ ಬಿಡು. ಕಾರು ಎಬ್ಬಿಸು," ಎಂದೆ.

ಅಂಗೈಯಷ್ಟಿದ್ದದ್ದು ಬೋಲ್ಟಿನ ತೂತಿಗೇ ಕೂಡಲಿಲ್ಲ. ಮೆಕ್ಯಾನಿಕ್ ತನ್ನದನ್ನು ಹೊಡೆದು ಬಡಿದು ಕೂರಿಸಿದ. ಅಷ್ಟರಲ್ಲಿ ಡಾಕ್ಟರೂ ಬಂದರು. ಕೀಲಿ ತಿರುಗಿಸಿದರೆ ತಗಡನ್ನು ಕಲ್ಲಿಗೆ ಉಜ್ಜಿದ ಹಾಗೆ ಕರಕರ ಎಂದಿತು.

"ಹಲ್ಲು ಕೂಡ್ತಾ ಇಲ್ಲ," ಎಂದರು ಡಾಕ್ಟರು. (ಪುಣ್ಯಕ್ಕೆ ಫೀಸು ಕೇಳಲಿಲ್ಲ.)

ಮೆಕ್ಯಾನಿಕ್ ಅದನ್ನು ಬಿಚ್ಚಿ, ಟಾರ್ಚು ಹಿಡಿದು ಇಣುಕಿದ.

"ಸಾಹೇಬ್ರು ಎಂಜಿನ್ ಮಾತ್ರ ಬದಲಾಯಿಸಿದಾರೆ ಅಕ್ಕ. ಹಳೇ ಗೇರ್‌ಬಾಕ್ಸಿಗೆ ಕೂಡ್ಲಿ ಅಂತ ದೊಡ್ಡ ಚಕ್ರ ಹಳೇದೇ ಇಟ್ಟಿದಾರೆ. ಇದಕ್ಕೆ ಹಳೇ ಸ್ಟಾರ್ಟರೇ ಆಗ್ಬೇಕು. ಎಲ್ಲಿಂದ ತರೋಣ?"

ನಾನೂ ಇಣುಕಿದೆ. ದುಂಡನೆಯ ಬಾಯಿ, ಮೇಲೊಂದು ತೂತು, ಕೆಳಗೆ ಸೊಟ್ಟಗೆ ಇನ್ನೊಂದು. ಓದು ಬಾರದಿದ್ದರೂ ಇದಕ್ಕೆ ಹೊಂದುವ ಮೂತಿ ನನಗೆ ಗೊತ್ತು. ಆರು ವರ್ಷ ಅದರ ಸುತ್ತ ಕಸ ಗುಡಿಸಿದ್ದೇನೆ. ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಇವರು ಒತ್ತಿಟ್ಟಿದ್ದ ಕಬ್ಬಿಣದ ಮುದ್ದೆ ಅದು. "ಎಸೀಬೇಡ ಕಣೇ, ಬೇಕಾಗತ್ತೆ" ಎನ್ನುತ್ತಿದ್ದರು. (ಮುರಿದ ಕೊಡೆಗೂ ಅದನ್ನೇ ಎನ್ನುತ್ತಿದ್ದರು.) ನಾನು ಅದಕ್ಕೆ ಎಡವಿ ಬೈಯುವುದು, ಅವರು ಅಂಗಳದಿಂದಲೇ "ಕಣ್ಣು ಕೆಳಗಿರ್ಲಿ" ಎನ್ನುವುದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಮಹಾಶಯರು.

ಹೊತ್ತು ತಂದುಕೊಟ್ಟೆ. ಒರೆಸಿ, ಕೂರಿಸಿ, ವೈರು ಕೊಟ್ಟರು. ಮುದುಕ ಎರಡು ಸಲ ಕೆಮ್ಮಿ ಎದ್ದುಬಿಟ್ಟ.

ಡಾಕ್ಟರು ಮೂವತ್ತೆರಡೂ ತೋರಿಸಿ ನಕ್ಕರು. ಆಗಲೇ ಒಳಗೆ ಅಡುಗೆಮನೆ ಬಾಗಿಲು ದಡಾರೆಂದು ಬಡಿಯಿತು. ತಿರುಗಿ ನೋಡಿದೆ.

"ಕಾರು ತಗೊಂಡು ಹೋಗಿ ಡಾಕ್ಟ್ರೇ," ಎಂದೆ. "ಆ ಮೋಟಾರು ಮಾತ್ರ ಬಿಚ್ಚಿಕೊಟ್ಟು ಹೋಗಿ."

"ಅದಿಲ್ದೆ ಕಾರು ಏಳಲ್ಲಮ್ಮ."

"ಗೊತ್ತು."

ಮೈದುನ ತಲೆಯ ಮೇಲೆ ಕೈ ಇಟ್ಟುಕೊಂಡ. "ಬಾಗಿಲಿಗೆ ಒಂದು ಕಲ್ಲು ಸಾಲ್ದಾ ಅತ್ತಿಗೆ?"

"ಕಲ್ಲಿಗೆ ಎಡವಿದ್ರೆ ಯಾರನ್ನ ಬೈಲಿ?"

ಡಾಕ್ಟರು ಬಂದ ದಾರಿ ಹಿಡಿದರು. ಮೋಟಾರು ಬಾಗಿಲಿಗೆ ಬಂತು. ಸಂಜೆಯೇ ಎಡವಿದೆ, ಅದೇ ಬೆರಳು. ಚೆನ್ನಾಗಿ ಬೈದೆ.

ಬಟ್ಟೆಯನ್ನು ಈಗ ಕಾರಿನ ಮೇಲೇ ಹರವುತ್ತೇನೆ. ಬಿಸಿಲಿಗೆ ಕಾದ ತಗಡು, ಒಂದು ಗಳಿಗೆಯಲ್ಲಿ ಬಟ್ಟೆ ಒಣಗುತ್ತದೆ. ಮೊನ್ನೆ ಮೈದುನ ನೋಡಿದ.

"ಇಷ್ಟು ಸುಲಭ ಇತ್ತಾ ಅತ್ತಿಗೆ? ಮತ್ತೆ ಅಣ್ಣನ ಜೊತೆ ಆರು ವರ್ಷ ಯಾಕೆ ಜಗಳ ಆಡಿದ್ರಿ?"

ಒದ್ದೆ ಟವೆಲನ್ನು ಅವನ ಕೈಗೆ ಕೊಟ್ಟು, ಹಿಂಡು ಎಂದೆ.