ಹನ್ನೊಂದೂವರೆ ಬಸ್ಸಿನ ಬುತ್ತಿ

ಮಗ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಪಾಸಾದ ದಿನ ಖಾನಾಪುರದ ಬಾಳವ್ವ ಅವನ ಅಂಕಪಟ್ಟಿಯನ್ನು ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೋದ ಪಕ್ಕ ನಿಲ್ಲಿಸಿ, ವಿಭೂತಿ ಹಚ್ಚಿ ಕೈ ಮುಗಿದಿದ್ದಳು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಮಗ ಉಳವಪ್ಪ ಬಿಕಾಂ ಓದಲು ಬೆಳಗಾವಿಗೆ ಹೊರಟಾಗ ಅವನ ಜೊತೆ ಹಾಸಿಗೆ ಹೊರಟಿತು, ಬಕೆಟ್ಟು ಹೊರಟಿತು, ಎರಡು ಡಬ್ಬಿ ಶೇಂಗಾ ಚಟ್ನಿ ಹೊರಟಿತು. ಅಂಕಪಟ್ಟಿ ಮಾತ್ರ ದೇವರ ಪಕ್ಕದಲ್ಲೇ ಉಳಿಯಿತು.

ಕಾಲೇಜಿನ ಅಡ್ಮಿಷನ್ ಕಿಟಕಿಯಲ್ಲಿ ಕೂರುತ್ತಿದ್ದವರು ಕ್ಲರ್ಕ್ ರಾಮಲಿಂಗ ಸಾಹೇಬರು. ಅವರು ಹುಡುಗರ ಮುಖ ನೋಡುವವರಲ್ಲ, ಹೆಸರು ಕೇಳುವವರಲ್ಲ. ಅರ್ಜಿಯ ಮೇಲಿನ ನಂಬರೊಂದು ಕಂಡರೆ ಅವರಿಗೆ ಸಾಕು.

“ನೂರಾ ಹದಿನೇಳು. ಒರಿಜಿನಲ್ ಎಲ್ಲೈತಿ?”

“ಮನ್ಯಾಗ ಐತ್ರಿ ಸರ್. ಮೊಬೈಲಿನ್ಯಾಗ ಫೋಟೋ ಐತ್ರಿ.”

“ಫೋಟೋ ಗ್ವಾಡಿಗೆ ಹಾಕ್ಕೋ. ನಾಳೆ ಸಂಜಿ ಐದರ ಒಳಗ ಒರಿಜಿನಲ್ ಬರಲಿಲ್ಲಂದ್ರ ನಿನ್ನ ಸೀಟು ನೂರಾ ಹದಿನೆಂಟಕ್ಕ ಹೋತು.”

ಒಬ್ಬ ಮನುಷ್ಯನಿಗೆ ಇಷ್ಟೊಂದು ಸಿಡುಕು ಎಲ್ಲಿಂದ ಬರುತ್ತದೆ ಎಂದು ಉಳವಪ್ಪನಿಗೆ ತಿಳಿಯಲಿಲ್ಲ. ಹೊರಗೆ ಬಂದು ತಾಯಿಗೆ ಫೋನ್ ಮಾಡಿದ.

“ಅದಕ್ಕ್ಯಾಕ ಚಿಂತಿ?” ಎಂದಳು ಬಾಳವ್ವ. “ನಾಳಿನ ಬುತ್ತಿ ಚೀಲದಾಗ, ಡಬ್ಬಿ ಕೆಳಗ ಇಟ್ಟ ಕಳಸ್ತೇನಿ.”

ಖಾನಾಪುರದಿಂದ ಹನ್ನೊಂದೂವರೆಗೆ ಬೆಳಗಾವಿ ಮುಟ್ಟುವ ಬಸ್ಸಿನಲ್ಲಿ ಪ್ರಯಾಣಿಕರಷ್ಟೇ ಬುತ್ತಿಗಳೂ ಬರುತ್ತವೆ. ಊರಲ್ಲಿ ತಾಯಂದಿರು, ಹೆಂಡಂದಿರು ಡ್ರೈವರ್ ಸೀಟಿನ ಹಿಂದೆ ಚೀಲ ಇಟ್ಟು ಹೋಗುತ್ತಾರೆ, ಇಲ್ಲಿ ಅವರವರು ಬಂದು ತಮ್ಮ ತಮ್ಮದನ್ನು ಒಯ್ಯುತ್ತಾರೆ. ಖಾಲಿ ಡಬ್ಬಿಗಳು ಮಧ್ಯಾಹ್ನ ಎರಡರ ಟ್ರಿಪ್ಪಿಗೆ ವಾಪಸ್ಸು ಹೋಗುತ್ತವೆ. ಇದಕ್ಕೆ ರಸೀದಿಯಿಲ್ಲ, ಕಾನೂನಿಲ್ಲ, ಆದರೂ ವರ್ಷಗಟ್ಟಲೆ ಸುರಳೀತ ನಡೆದಿದೆ. ಒಂದೇ ತೊಡಕೆಂದರೆ, ಖಾನಾಪುರದ ಬಟ್ಟೆ ಅಂಗಡಿಯೊಂದು ದೀಪಾವಳಿಗೆ ಹಂಚಿದ ಹಳದಿ ಚೀಲ ಈಗ ಊರಿನ ಮನೆಮನೆಯಲ್ಲೂ ಇದೆ.

ಮರುದಿನ ಉಳವಪ್ಪ ಹನ್ನೊಂದಕ್ಕೇ ಹೊರಟ. ಆದರೆ ಬೆಳಗಾವಿಗೆ ಬಂದು ಇನ್ನೂ ಹತ್ತೇ ದಿನ. ತಪ್ಪು ಸಿಟಿ ಬಸ್ಸು ಹತ್ತಿ ಊರಾಚೆಯ ಮಚ್ಛೆಯ ತನಕ ಹೋಗಿ, ತಿರುಗಿ ಬಸ್ ಸ್ಟ್ಯಾಂಡಿಗೆ ಬರುವಾಗ ಹನ್ನೆರಡೂಕಾಲು. ಡ್ರೈವರ್ ಸೀಟಿನ ಹಿಂದೆ ಒಂದೇ ಒಂದು ಹಳದಿ ಚೀಲ ಉಳಿದಿತ್ತು. ಒಂದೇ ಉಳಿದಿದೆ ಎಂದಮೇಲೆ ಅದು ತನ್ನದೇ ಎಂದು ಎತ್ತಿಕೊಂಡು ಬಂದ.

ಮಹಾಂತೇಶ ನಗರದ ತನ್ನ ರೂಮಿನಲ್ಲಿ ಚೀಲ ಬೋರಲು ಹಾಕಿದರೆ ಅಂಕಪಟ್ಟಿ ಬೀಳಲಿಲ್ಲ. ಡಬ್ಬಿ ತೆಗೆದರೆ ಒಳಗೆ ಬೇಯಿಸಿದ ಸೋರೆಕಾಯಿ, ಎರಡು ಒಣ ಚಪಾತಿ. ಉಳವಪ್ಪ “ಅಯ್ಯೋ” ಎಂದ. ಕೆಳಗಿನ ಮನೆಯ ಮಾಲಕರಾದ ಬಿಂದುಮಾಧವರಾಯರಿಗೂ ಅವರ ಹೆಂಡತಿ ಶುಭದಾಬಾಯಿಗೂ ಬಾಡಿಗೆಯವರ “ಅಯ್ಯೋ” ಎಂದರೆ ಬರಲು ಹೇಳಿದ ಹಾಗೆ. ಇಬ್ಬರೂ ಮೇಲೆ ಬಂದರು.

ಶುಭದಾಬಾಯಿ ಸೋರೆಕಾಯಿಯ ಒಂದು ಹೋಳು ಬಾಯಿಗೆ ಹಾಕಿಕೊಂಡರು. “ಉಪ್ಪಿಲ್ಲ, ಖಾರಿಲ್ಲ, ಎಣ್ಣಿಯಂತೂ ಮೊದಲೇ ಇಲ್ಲ. ಇದು ಖರೇನ ಬಾಣಂತಿ ಊಟ ಅದ.”

“ಹೌದೌದು,” ಎಂದರು ರಾಯರು. “ಬಸ್ ಸ್ಟ್ಯಾಂಡ್ ಬಾಜೂಕ ಹೆರಿಗಿ ದವಾಖಾನಿ ಅದಲ್ಲ, ಅಲ್ಲೇ ಹೋಗೇದ ನಿನ್ನ ಚೀಲ. ಮೂವತ್ತು ವರ್ಷ ಪೋಸ್ಟಿನ್ಯಾಗ ಇದ್ದಾಂವ ನಾನು. ತಪ್ಪಿದ ಟಪಾಲು ಎಲ್ಲಿ ಹೋಗ್ತದ ಅನ್ನೋದು ನನಗ ಗೊತ್ತದ.”

ಅಷ್ಟು ಖಚಿತವಾಗಿ ಹೇಳಿದ ಮೇಲೆ ನಂಬದಿರುವುದು ಹೇಗೆ? ಉಳವಪ್ಪ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು ದವಾಖಾನೆಗೆ ಓಡಿದ. ಬಾಗಿಲಲ್ಲೇ ನರ್ಸಮ್ಮ ಸಿಕ್ಕಳು.

“ಖಾನಾಪುರದಿಂದ ಬಂದೇನ್ರಿ,” ಎಂದ.

“ಈಗ ಬಂದ್ರೇನು? ಮುಂಜಾನಿಂದ ಹಾದಿ ನೋಡಾಕತ್ತೇವಿ,” ಎನ್ನುತ್ತ ಅವಳು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಅವನ ಕೈಯಲ್ಲಿಟ್ಟಳು. “ಹೆಣ್ಣ ಹುಟ್ಟೇತಿ. ಪೇಢೆ ತರ್ರಿ.”

“ನಾ ಸರ್ಟಿಫಿಕೇಟ್ ಸಲುವಾಗಿ ಬಂದೇನ್ರಿ ಅಕ್ಕಾರ.”

“ಅದನ್ನ ಆಮ್ಯಾಲ ಕೊಡ್ತಾರ. ಮೊದಲ ಕೂಸಿನ ಹೆಸರ ವಿಚಾರ ಮಾಡ್ರಿ.”

ಕೂಸು ಅವನನ್ನು ಒಂದು ಕ್ಷಣ ನೋಡಿ ಅಂಗಿಯನ್ನು ತೋಯಿಸಿತು. ನಿಜವಾದ ಅಪ್ಪ ಪೇಢೆಯ ಡಬ್ಬಿ ಹಿಡಿದು ಬರುವ ತನಕ ಅರ್ಧ ಗಂಟೆ ಉಳವಪ್ಪ ಕೂಸನ್ನು ತೂಗುತ್ತ ನಿಂತಿದ್ದ. ಆ ದವಾಖಾನೆಗೆ ಯಾವ ಹಳದಿ ಚೀಲವೂ ಬಂದಿರಲಿಲ್ಲ.

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಬಂದರೆ ಖಾನಾಪುರದ ಬಸ್ಸು ಹೊರಡಲು ಐದು ನಿಮಿಷವಿತ್ತು.

“ಯಾರ್ಯಾರು ಯಾವ ಚೀಲ ಒಯ್ದ್ರು ಅಂತ ನಾ ಹೆಂಗ ಹೇಳ್ಲಿ?” ಎಂದ ಡ್ರೈವರ್. “ಆಟೋ ನಗರದ ಕಲ್ಮೇಶಂದೂ ಹಳದಿ ಚೀಲನ. ಹೋಗಿ ನೋಡು.”

ಗೇಟಿನ ಹತ್ತಿರ ಒಬ್ಬ ಮುದುಕ ಏದುಸಿರು ಬಿಡುತ್ತ ಅವನ ಕೈ ಹಿಡಿದ. ಬಗಲಲ್ಲಿ ಖಾಕಿ ಕಾಗದ ಸುತ್ತಿ, ದಾರ ಬಿಗಿದು, ನಾಲ್ಕೂ ಕಡೆ ಕೆಂಪು ಅರಗಿನ ಮುದ್ರೆ ಒತ್ತಿದ ಗಂಟು.

“ತಮ್ಮಾ, ಮಣಕಾಲ ಹಿಡದಾವು. ಇದನ್ನೊಂದ ಆ ಖಾನಾಪುರ ಬಸ್ಸಿಗೆ ಮುಟ್ಟಿಸಿ ಪುಣ್ಯಾ ಕಟ್ಟಿಕೋ. ಭಾಳ ಜರೂರ ಐತಿ.”

ಹಿರಿಯರು ಹೇಳಿದ ಮೇಲೆ ಇಲ್ಲ ಎನ್ನುವ ಹುಡುಗನಲ್ಲ ಉಳವಪ್ಪ. ಗಂಟು ಹೊತ್ತುಕೊಂಡು ವಾಪಸ್ಸು ಓಡಿ, ಚಲಿಸತೊಡಗಿದ ಬಸ್ಸಿನ ಕಿಟಕಿಯಿಂದ ಡ್ರೈವರನ ಮಡಿಲಿಗೇ ಹಾಕಿದ. ಮೇಲೆ ವಿಳಾಸ ಏನೋ ಬರೆದಿತ್ತು. ಓದಲು ಅವನಿಗೆ ಪುರಸೊತ್ತೆಲ್ಲಿ?

“ನಿನ್ನಂಥಾ ಮಗನ್ನ ಹಡದಾಕಿ ಪುಣ್ಯವಂತಿ,” ಎಂದ ಮುದುಕ.

ಆಟೋ ನಗರದ ಗ್ಯಾರೇಜಿನಲ್ಲಿ ಕಲ್ಮೇಶ ಜೀಪಿನ ಕೆಳಗೆ ಮಲಗಿದ್ದ. “ಚೀಲ ತೋರಸ್ತೇನಿ, ಮೊದಲ ಆ ಹದಿಮೂರರ ಪಾನಾ ಕೊಡು,” ಎಂದು ಕೈ ಚಾಚಿದ. ಹದಿಮೂರಾಯಿತು, ಹದಿನಾಲ್ಕಾಯಿತು, ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳೆಲ್ಲ ಒಂದು ಸುತ್ತು ಒಳಗೆ ಹೋಗಿ ಬಂದವು. ಗ್ರೈಂಡರಿನ ಗದ್ದಲದಲ್ಲಿ ತನ್ನ ಜೇಬಿನ ಫೋನು ಬಡಿದುಕೊಳ್ಳುತ್ತಿದ್ದುದೂ ಉಳವಪ್ಪನಿಗೆ ಕೇಳಲಿಲ್ಲ. ಕೊನೆಗೆ ಕಲ್ಮೇಶ ಎದ್ದು ಬಂದು ಚೀಲ ತೆಗೆದು ತೋರಿಸಿದ. ಅದು ಕಲ್ಮೇಶನದೇ. ಒಳಗೆ ಅವನು ಅರ್ಧ ತಿಂದ ಝುಣಕವಿತ್ತು.

ನಾಲ್ಕೂಮುಕ್ಕಾಲಿಗೆ, ಹೊಟ್ಟೆಗೆ ಬೆಳಗಿನಿಂದ ಏನೂ ಇಲ್ಲದೆ, ಅಂಗಿಯ ಮೇಲೆ ಒಂದು ಕಡೆ ಕೂಸಿನ ಕಲೆ, ಇನ್ನೊಂದು ಕಡೆ ಗ್ರೀಸಿನ ಕಲೆ ಹೊತ್ತು ಉಳವಪ್ಪ ಕಾಲೇಜಿನ ಕಿಟಕಿಯ ಮುಂದೆ ನಿಂತ. ಅತ್ತರೂ ಅಡ್ಡಿಯಿಲ್ಲ, ಕಾಲು ಹಿಡಿದರೂ ಅಡ್ಡಿಯಿಲ್ಲ ಎಂದು ನಿರ್ಧರಿಸಿ ಬಂದಿದ್ದ. ಆಶ್ಚರ್ಯವೆಂದರೆ ರಾಮಲಿಂಗ ಸಾಹೇಬರು ನಗುತ್ತಿದ್ದರು.

“ಬಾರೋ ತಮ್ಮಾ, ಒಳಗ ಬಂದ ಕುಂದರು. ಏನಾತು?”

ಉಳವಪ್ಪ ಎಲ್ಲವನ್ನೂ ಹೇಳಿದ. ಹಳದಿ ಚೀಲ ಎಂದಾಗ ಸಾಹೇಬರ ನಗು ಅರ್ಧಕ್ಕೆ ನಿಂತಿತು.

“ಬದನಿಕಾಯಿ ಎಣ್ಣಿಗಾಯಿ, ಕಡಕ ರೊಟ್ಟಿ, ಗುರೆಳ್ಳ ಚಟ್ನಿ, ಎರಡ ಶೇಂಗಾ ಹೋಳಿಗಿ?”

“ಹೌದ್ರಿ ಸರ್. ನಿಮಗ ಹೆಂಗ ಗೊತ್ತಾತ್ರಿ?”

ಸಾಹೇಬರು ಆಚೀಚೆ ನೋಡಿ ದನಿ ತಗ್ಗಿಸಿದರು. “ನನಗ ಸಕ್ಕರಿ ಐತಿ, ಬಿಪಿ ಐತಿ. ನಮ್ಮಾಕಿ ಪ್ರಮಿಳಾ ಖಾನಾಪುರದ ಸಾಲ್ಯಾಗ ಟೀಚರು. ಆರ ತಿಂಗಳಿಂದ ಅಲ್ಲಿಂದ ದಿನಾ ಸೋರಿಕಾಯಿ ಕಳಸಾಕತ್ತಾಳ. ಇವತ್ತ ಚೀಲ ತೆಗದ್ರ ಎಣ್ಣಿಗಾಯಿ. ದೇವರ ಕಣ್ಣ ತೆರದ ಅಂದ್ಕೊಂಡು ಉಂಡೆ.”

“ಡಬ್ಬಿ ಕೆಳಗ ಅಂಕಪಟ್ಟಿ ಇತ್ತಲ್ರಿ?”

“ಇತ್ತು. ಉಳವಪ್ಪ ಅಂತ ಯಾವನೋ ಹುಡುಗಂದು.”

“ನಾನರೀ ಉಳವಪ್ಪ.”

“ನನಗೇನ ಗೊತ್ತು? ನೀ ನೂರಾ ಹದಿನೇಳು.” ಸಾಹೇಬರು ತಲೆ ಕೆರೆದುಕೊಂಡರು. “ಯಾರದೋ ಒರಿಜಿನಲ್ ಆಫೀಸಿನ್ಯಾಗ ಇಟ್ಕೊಂಡ್ರ ಜವಾಬ್ದಾರಿ ನಂದು. ಡಬ್ಬಿ ಮ್ಯಾಲ ಬಾಳವ್ವ ಅಂತ ಹೆಸರ ಕೊರದಿತ್ತು. ತೊಳಸಿ, ಮಾರ್ಕ್ಸ್ ಕಾರ್ಡ್ ಒಳಗ ಇಟ್ಟು, ಖಾಕಿ ಕಾಗದ ಸುತ್ತಿ, ಅರಗ ಹಾಕಿ, ನಮ್ಮ ಸಿಪಾಯಿ ಕೈಲೆ ಎರಡರ ಬಸ್ಸಿಗೆ ಕಳಿಸಿಬಿಟ್ಟೆ.”

ಉಳವಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಅಷ್ಟರಲ್ಲಿ ಚಹಾ ಹಿಡಿದು ಬಂದ ಸಿಪಾಯಿ ಸಾತಪ್ಪ ಅವನನ್ನು ಕಂಡು ಹಿಗ್ಗಿದ. “ಇವನ ನೋಡ್ರಿ ಸಾಹೇಬ್ರ, ಓಡಿ ಹೋಗಿ ಗಂಟ ಮುಟ್ಟಿಸಿದಾಂವ. ಭಾಳ ಸಂಸ್ಕಾರದ ಹುಡುಗ.”

ಗೋಡೆಯ ಗಡಿಯಾರ ಐದು ಹೊಡೆಯಿತು. ಉಳವಪ್ಪನ ಕಣ್ಣಲ್ಲಿ ನೀರು ಬಂತು. ಸಾಹೇಬರು ರಿಜಿಸ್ಟರ್ ತೆಗೆದು ನೂರಾ ಹದಿನೇಳರ ಮುಂದೆ ಪೆನ್ಸಿಲ್ಲಿನಿಂದ ಗುರುತು ಹಾಕಿದರು.

“ಸೀಟ ಎಲ್ಲೂ ಹೋಗೂದಿಲ್ಲ, ಅಳಬ್ಯಾಡ. ನಾಳೆ ಬುತ್ತಿಕೂಡ ಕಾರ್ಡ್ ತರಿಸು, ಪೆನ್ನಿನಲೆ ಹಾಕತೇನಿ. ಆದ್ರ ಡಬ್ಬಿ ಇವತ್ತಿನಂಗನ ಅದಲಬದಲ ಆಗಬೇಕು.”

“ನಾಳೆ ಒಂದ ದಿನ ಏನ್ರಿ?”

“ಬಿಕಾಂ ಎಷ್ಟ ವರ್ಷದ್ದು?”

“ಮೂರ್ರಿ.”

ಸಾಹೇಬರು ಪೆನ್ಸಿಲ್ಲನ್ನು ಕಿವಿಗೆ ಸಿಗಿಸಿಕೊಂಡರು. “ಈಗ ಆ ನನ್ನ ಡಬ್ಬಿ ತೆಗಿ. ಖಾಲಿ ಮಾಡು. ತಿರುಗಿ ಹೋದ ಮ್ಯಾಲ ಪ್ರಮಿಳಾ ಮುಚ್ಚಳ ತೆಗದ ನೋಡ್ತಾಳ.”

ಉಳವಪ್ಪ ಕೂತು ಸೋರೆಕಾಯಿ ತಿನ್ನತೊಡಗಿದ. ಫೋನು ಮತ್ತೆ ಬಡಿದುಕೊಂಡಿತು.

“ಎಷ್ಟ ಸಲ ಮಾಡಬೇಕಪಾ ಫೋನು?” ಬಾಳವ್ವನ ದನಿ ಇಡೀ ಆಫೀಸಿಗೆ ಕೇಳುವಂತಿತ್ತು. “ಜನ್ಮದಾಗ ಒಂದ ತಾಟ ತೊಳದಾಂವ ಅಲ್ಲ, ಡಬ್ಬಿ ತೊಳದು, ಕಾಗದ ಸುತ್ತಿ, ಅರಗ ಹಾಕಿ ಕಳಿಸೀದಿ. ಸಿಟಿ ಸೇರಿ ಸುಧಾರಿಸಿದಿ ನೋಡು. ಕಾರ್ಡಿನ ಕೆಲಸಾನೂ ಮುಗೀತಲ್ಲ, ತಿರುಗಿ ಜಗಲಿ ಮ್ಯಾಲ ಇಟ್ಟ ವಿಭೂತಿ ಹಚ್ಚೇನಿ. ಎಣ್ಣಿಗಾಯಿ ಸೇರ್ತಿಲ್ಲೋ?”

“ಭಾಳ ಸೇರ್ತವ್ವಾ,” ಎಂದ ಉಳವಪ್ಪ, ಬಾಯಲ್ಲಿದ್ದ ಸೋರೆಕಾಯಿಯನ್ನು ನುಂಗಿ.

“ಹಂಗಾರ ನಾಳಿಂದ ದಿನಾ ಎರಡ ರೊಟ್ಟಿ ಜಾಸ್ತಿ ಇಡತೇನಿ.”

ಎದುರಿಗೆ ಕೂತಿದ್ದ ರಾಮಲಿಂಗ ಸಾಹೇಬರು ಸದ್ದಿಲ್ಲದೆ ಮೂರು ಬೆರಳು ತೋರಿಸಿದರು.

“ಮೂರ ಇಡವ್ವಾ,” ಎಂದ ಉಳವಪ್ಪ.